ಹಾಡಿದ್ದೇ ಹಾಡಿದ ಎಂಟು ವರ್ಷಗಳು

ಕಳೆದ ದೀಪಾವಳಿಗೆ ನನ್ನ ತಂಗಿಯ ಮಗ ಊರಿಗೆ ಬಂದಿದ್ದ. ಹಬ್ಬದೂಟ ಮುಗಿದು ಮನೆಯವರೆಲ್ಲ ಅಲ್ಲಲ್ಲೇ ಒರಗಿಕೊಂಡಿದ್ದ ಹೊತ್ತಿನಲ್ಲಿ ಅವನು ತನ್ನ ಮೊಬೈಲನ್ನು ನಮ್ಮ ಟಿ.ವಿ.ಗೆ ಅದು ಹೇಗೋ ಜೋಡಿಸಿ, "ಮಾವ, ನಿಮಗೆ ಎಲ್ವಿಸ್ ಅಂದ್ರೆ ಇಷ್ಟ ಅಂತ ಅಮ್ಮ ಹೇಳ್ತಿದ್ರು. ಇದನ್ನ ನೋಡಿದ್ದೀರಾ?" ಎಂದು ಕೇಳಿದ. ನಾನು ನೋಡಿರಲಿಲ್ಲ. ಮೈಗಂಟಿದ ಕಪ್ಪು ಚರ್ಮದ ಉಡುಪು ತೊಟ್ಟ ಒಬ್ಬ ಸುಂದರಾಂಗ ಒಂದು ಚಿಕ್ಕ ಚೌಕಾಕಾರದ ವೇದಿಕೆಯ ಮೇಲೆ ಬಂದು ಕುಳಿತ. ಸುತ್ತಲೂ ಕೈಗೆಟಕುವಷ್ಟು ಹತ್ತಿರದಲ್ಲಿ ಜನ. ಅವನು ಮೈಕಿನ ಕಡೆಗೆ ಕೈ ಚಾಚಿದಾಗ ಆ ಕೈ ನಡುಗುತ್ತಿತ್ತು.

"ನಿಲ್ಲಿಸು, ಇನ್ನೊಂದು ಸಲ ತೋರಿಸು" ಎಂದೆ. ಅವನು ಹಿಂದಕ್ಕೆ ಹಾಕಿದ. ಹೌದು, ನಡುಗುತ್ತಿತ್ತು. ಹನ್ನೆರಡು ವರ್ಷಗಳ ಹಿಂದೆಯೇ ಜಗತ್ತಿನ ಅತಿ ಪ್ರಸಿದ್ಧ ಗಾಯಕನಾಗಿದ್ದ ಎಲ್ವಿಸ್ ಪ್ರೀಸ್ಲಿ, ಮೂವತ್ತಮೂರನೆಯ ವಯಸ್ಸಿನಲ್ಲಿ, ಮೊದಲ ದಿನ ಪಾಠ ಮಾಡಲು ಬಂದ ಬಿ.ಎಡ್. ವಿದ್ಯಾರ್ಥಿಯಂತೆ ನಡುಗುತ್ತಿದ್ದ.

ಆ ಕೈ ನನ್ನ ಮನಸ್ಸಿನಿಂದ ಹೋಗಲಿಲ್ಲ. ಆಮೇಲೆ ನಾನು ಅವನ ಕುರಿತು ಸಿಕ್ಕಿದ್ದನ್ನೆಲ್ಲ ಓದಿದೆ. ನಿಮಗೆ ಗೊತ್ತಲ್ಲ, ನಿವೃತ್ತನಾದವನಿಗೆ ಒಂದು ವಿಷಯ ಹತ್ತಿಕೊಂಡರೆ ಅದೇ ಕಸುಬಾಗುತ್ತದೆ! ಈ ಬರಹ ಅದರ ಫಲ. ಇದರಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಅದನ್ನು ನಡುವೆ ಎಲ್ಲಾದರೂ ಹೇಳುತ್ತೇನೆ.

ಎಲ್ವಿಸ್ ನನಗೆ ಪರಿಚಯವಾದದ್ದು 1981ರಲ್ಲಿ, ಮೈಸೂರಿನಲ್ಲಿ, ಬಿ.ಎಡ್. ಓದುತ್ತಿದ್ದಾಗ. ನನ್ನ ಹಾಸ್ಟೆಲ್ ಕೋಣೆಯ ಜೊತೆಗಾರ ಕೆ.ಜಿ.ಎಫ್.ನವನು. ನಾನು ಹಳ್ಳಿಯಿಂದ ಟ್ರಂಕು, ಚಾಪೆ, ಹುರಿಗಾಳಿನ ಡಬ್ಬ ತಂದಿದ್ದರೆ ಅವನು ಒಂದು ಟೇಪ್ ರೆಕಾರ್ಡರ್ ತಂದಿದ್ದ. ಅವನಲ್ಲಿದ್ದ ಎಲ್ವಿಸ್ ಕ್ಯಾಸೆಟ್ಟು ಒಂದೇ ಒಂದು. ಅದರ ಒಂದು ಬದಿಯಲ್ಲಿ 1950ರ ದಶಕದ ಹಾಡುಗಳು, ಇನ್ನೊಂದು ಬದಿಯಲ್ಲಿ ಅವನು ನಟಿಸಿದ ಸಿನಿಮಾಗಳ ಹಾಡುಗಳು. ಮೊದಲ ಬದಿ ಮುಗಿದ ಕೂಡಲೇ ನನ್ನ ಗೆಳೆಯ ಎದ್ದುಹೋಗಿ ಅದನ್ನೇ ಮತ್ತೆ ಹಿಂದಕ್ಕೆ ಸುತ್ತುತ್ತಿದ್ದ. "ಇನ್ನೊಂದು ಕಡೆ ಹಾಕೋ" ಎಂದು ನಾನು ಒಮ್ಮೆ ಹೇಳಿದಾಗ, "ಆ ಕಡೆ ಹಾಡಿರೋದು ಎಲ್ವಿಸ್ ಅಲ್ಲ ಕಣೋ, ಅವನ ಸಂಬಳ" ಎಂದ. ಅದು ತಮಾಷೆಗೆ ಹೇಳಿದ ಮಾತೆಂದು ಆಗ ನಕ್ಕಿದ್ದೆ.

ಕಿರಿಯ ಓದುಗರಿಗಾಗಿ ನಾಲ್ಕು ಮಾತು. ಎಲ್ವಿಸ್ ಹುಟ್ಟಿದ್ದು 1935ರ ಜನವರಿ 8ರಂದು, ಅಮೆರಿಕದ ಮಿಸಿಸಿಪಿ ರಾಜ್ಯದ ಟುಪೆಲೊ ಎಂಬ ಊರಿನ ಎರಡು ಕೋಣೆಯ ಮನೆಯಲ್ಲಿ. ಅವಳಿಯಾಗಿದ್ದ ಅಣ್ಣ ಹುಟ್ಟುವಾಗಲೇ ತೀರಿಹೋಗಿದ್ದ. 1948ರಲ್ಲಿ ಕುಟುಂಬ ಮೆಂಫಿಸ್ ನಗರಕ್ಕೆ ಬಂತು. ಹೈಸ್ಕೂಲು ಮುಗಿಸಿದ ಹುಡುಗ ಒಂದು ಎಲೆಕ್ಟ್ರಿಕ್ ಕಂಪನಿಯ ಲಾರಿ ಓಡಿಸುತ್ತಿದ್ದ. 1954ರ ಜುಲೈನಲ್ಲಿ ಸ್ಯಾಮ್ ಫಿಲಿಪ್ಸ್ ಎಂಬುವರ ಪುಟ್ಟ ಸನ್ ಸ್ಟುಡಿಯೋದಲ್ಲಿ ಅವನು ಹಾಡಿದ ಹಾಡೊಂದು ಸ್ಥಳೀಯ ರೇಡಿಯೋದಲ್ಲಿ ಬಂದು ಊರೆಲ್ಲ ಕೇಳತೊಡಗಿತು. ಆ ಹಾಡು ಆರ್ಥರ್ ಕ್ರಡಪ್ ಎಂಬ ಕಪ್ಪು ಗಾಯಕನದು. ಎಲ್ವಿಸ್ ಬೆಳೆದದ್ದು ಕಪ್ಪು ಜನರ ಸಂಗೀತದ ಋಣದಲ್ಲಿ. ಆ ಋಣದ ಲಾಭ ಕ್ರಡಪ್‌ನಂಥವರಿಗೆ ಸಲ್ಲಬೇಕಾದಷ್ಟು ಸಲ್ಲಲಿಲ್ಲ ಎಂಬುದನ್ನು ಸಮಾಜ ವಿಜ್ಞಾನದ ಮೇಷ್ಟ್ರಾಗಿ ಇಲ್ಲಿ ಹೇಳದಿದ್ದರೆ ತಪ್ಪಾದೀತು. 1956ರ ಹೊತ್ತಿಗೆ ಅವನು ಇಡೀ ಅಮೆರಿಕದ ಹುಚ್ಚು. ಅವನು ಸೊಂಟ ಕುಣಿಸುವುದನ್ನು ಕಂಡು ಹಿರಿಯರು ಎಷ್ಟು ಗಾಬರಿಯಾದರೆಂದರೆ 1957ರ ಜನವರಿಯಲ್ಲಿ ಒಂದು ಪ್ರಸಿದ್ಧ ಟಿ.ವಿ. ಕಾರ್ಯಕ್ರಮದವರು ಅವನನ್ನು ಸೊಂಟದಿಂದ ಮೇಲೆ ಮಾತ್ರ ತೋರಿಸಿದರು.

1958ರ ಮಾರ್ಚಿನಲ್ಲಿ ಅವನು ಕಡ್ಡಾಯ ಸೈನ್ಯಸೇವೆಗೆ ಸೇರಿದ. ಅದೇ ಆಗಸ್ಟಿನಲ್ಲಿ ತಾಯಿ ತೀರಿಕೊಂಡಳು. ತಾಯಿಯನ್ನು ಬಿಟ್ಟು ಬಾಳಿಯೇ ಗೊತ್ತಿಲ್ಲದ ಹುಡುಗ ಜರ್ಮನಿಗೆ ಹೋಗಿ, 1960ರ ಮಾರ್ಚಿನಲ್ಲಿ ಮರಳಿ ಬಂದ. ಅಲ್ಲಿಂದ ಶುರುವಾದದ್ದೇ ನನ್ನ ಗೆಳೆಯ ಹಾಕಲೊಪ್ಪದ ಕ್ಯಾಸೆಟ್ಟಿನ ಆ ಇನ್ನೊಂದು ಬದಿ.

ಅವನತಿ ಎಂದರೆ ನಾವು ಸಾಮಾನ್ಯವಾಗಿ ಊಹಿಸುವುದು ಕುಡಿತ, ಸಾಲ, ಖಾಲಿ ಸಭಾಂಗಣ. ಎಲ್ವಿಸ್‌ನ ಅವನತಿ ಹಾಗಿರಲಿಲ್ಲ. ಅದು ಕೈತುಂಬ ಸಂಬಳ ತರುತ್ತಿದ್ದ ಅವನತಿ. 1960ರ ದಶಕದ ನಡುವೆ ಅವನು ಹಾಲಿವುಡ್‌ನಲ್ಲಿ ಅತಿ ಹೆಚ್ಚು ಸಂಭಾವನೆ ಪಡೆಯುತ್ತಿದ್ದ ನಟರಲ್ಲಿ ಒಬ್ಬ! ಸೈನ್ಯದಿಂದ ಬಂದ ಹೊಸದರಲ್ಲಿ ಅವನು ಹಾಡು ಕಡಿಮೆ, ಅಭಿನಯ ಹೆಚ್ಚು ಇದ್ದ ಒಂದೆರಡು ಗಂಭೀರ ಪಾತ್ರಗಳನ್ನು ಮಾಡಿದ್ದ. ಅವು ಅಷ್ಟಾಗಿ ಓಡಲಿಲ್ಲ. 1961ರಲ್ಲಿ ಬಂದ 'ಬ್ಲೂ ಹವಾಯಿ' ಎಂಬ ಹಗುರಾದ ಚಿತ್ರ ಮಾತ್ರ ಭರ್ಜರಿಯಾಗಿ ಓಡಿತು. ಅದರ ಹಾಡುಗಳ ತಟ್ಟೆ ಅಮೆರಿಕದಲ್ಲಿ 20 ವಾರ ಮೊದಲ ಸ್ಥಾನದಲ್ಲಿ ಕುಳಿತಿತ್ತು. ಇನ್ನು ಕೇಳಬೇಕೆ? ಸಮುದ್ರದಂಡೆ, ನಾಲ್ಕಾರು ಚೆಲುವೆಯರು, ಒಂದು ಹೊಡೆದಾಟ, ಒಂದು ಡಜನ್ ಹಾಡು. ಇದೇ ಅಚ್ಚಿನಲ್ಲಿ ವರ್ಷಕ್ಕೆ ಸುಮಾರು ಮೂರರಂತೆ ಚಿತ್ರಗಳು ಎರಕವಾಗತೊಡಗಿದವು. ಅವನ ಒಟ್ಟು 31 ಕಥಾಚಿತ್ರಗಳಲ್ಲಿ 27 ಸೈನ್ಯದಿಂದ ಬಂದ ನಂತರದ ಹತ್ತು ವರ್ಷಗಳಲ್ಲೇ ತಯಾರಾದವು. ಕೆಲವಂತೂ ಮೂರು-ನಾಲ್ಕು ವಾರಗಳಲ್ಲಿ ಮುಗಿಯುತ್ತಿದ್ದವು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಎಂದು ನಮ್ಮಜ್ಜಿ ಬೈಯುತ್ತಿದ್ದುದು ಇಂಥದ್ದಕ್ಕೇ.

ಇದರ ಹಿಂದೆ ಇದ್ದವನು ಅವನ ವ್ಯವಸ್ಥಾಪಕ ಕರ್ನಲ್ ಟಾಮ್ ಪಾರ್ಕರ್. ಹೆಸರಿಗೆ ಕರ್ನಲ್, ಆ ಬಿರುದು ಲೂಸಿಯಾನಾದ ಗವರ್ನರರು ಗೌರವಾರ್ಥ ಕೊಟ್ಟದ್ದು. ನಿಜವಾಗಿ ಅವನು ಅಮೆರಿಕದವನೂ ಅಲ್ಲ, ನೆದರ್ಲೆಂಡ್ಸ್‌ನ ಬ್ರೆಡಾ ಪಟ್ಟಣದಲ್ಲಿ ಹುಟ್ಟಿದ ಆಂಡ್ರಿಯಾಸ್ ವಾನ್ ಕೌಕ್. ಜಾತ್ರೆ-ಸಂತೆಗಳ ಆಟದ ಮೇಳಗಳಲ್ಲಿ ಪಳಗಿದ ಚತುರ. ಅವನನ್ನು ಖಳನಾಯಕನೆಂದು ಬಿಡುವುದು ಸುಲಭ, ಅನೇಕರು ಹಾಗೆಯೇ ಬರೆದಿದ್ದಾರೆ. ಆದರೆ ಲಾರಿ ಓಡಿಸುತ್ತಿದ್ದ ಹುಡುಗನನ್ನು ಕೋಟ್ಯಧೀಶನನ್ನಾಗಿ ಮಾಡಿದವನೂ ಅವನೇ. ಬಡತನ ಕಂಡ ಮನೆಯವರಿಗೆ ಅಂಥ ಉಪಕಾರವನ್ನು ಮರೆಯಲಾಗುವುದಿಲ್ಲ.

ಹಾಡುಗಳು ಕೆಟ್ಟದ್ದಕ್ಕೆ ಒಂದು ಲೆಕ್ಕಾಚಾರದ ಕಾರಣವೂ ಇತ್ತು. ಎಲ್ವಿಸ್ ಒಂದು ಹಾಡನ್ನು ಹಾಡಬೇಕಾದರೆ ಅದನ್ನು ರಚಿಸಿದವರು ತಮ್ಮ ಹಕ್ಕಿನ ಆದಾಯದಲ್ಲಿ ಒಂದು ಪಾಲನ್ನು ಅವನ ಕಡೆಯ ಪ್ರಕಾಶನ ಸಂಸ್ಥೆಗಳಿಗೆ ಬಿಟ್ಟುಕೊಡಬೇಕಾಗಿತ್ತು. ಅವನ ಹಾಡು ಲಕ್ಷಾಂತರ ಪ್ರತಿ ಮಾರಾಟವಾಗುತ್ತಿದ್ದ ಕಾಲದಲ್ಲಿ ಬರೆಯುವವರು ಇದಕ್ಕೆ ಖುಷಿಯಿಂದ ಒಪ್ಪಿದರು. 1960ರ ದಶಕದಲ್ಲಿ ಒಳ್ಳೆಯ ರಚನಕಾರರು ತಾವೇ ಹಾಡಿ ಹೆಸರು ಮಾಡತೊಡಗಿದ ಮೇಲೆ ಆ ಷರತ್ತಿಗೆ ಏಕೆ ಒಪ್ಪುತ್ತಾರೆ? ಉಳಿದವರು ತಂದುಕೊಟ್ಟದ್ದನ್ನು ಇವನು ಹಾಡಿದ. ಸೀಗಡಿಯ ಮೇಲೊಂದು ಹಾಡು, ಇಕ್ಕಟ್ಟಾದ ಸ್ಪೋರ್ಟ್ಸ್ ಕಾರಿನಲ್ಲಿ ಕುಣಿಯಲು ಜಾಗವಿಲ್ಲ ಎಂದೊಂದು ಹಾಡು... ನಾನು ಸುಮ್ಮನೆ ಕಟ್ಟಿ ಹೇಳುತ್ತಿಲ್ಲ, ಇವೆಲ್ಲ ನಿಜಕ್ಕೂ ಇವೆ.

ಒಂದು ಪ್ರಸಂಗ ಮಾತ್ರ ನನ್ನನ್ನು ಬಹಳ ಕಲಕಿತು. 1964ರಲ್ಲಿ ಎಲ್ವಿಸ್‌ಗೆ ಲ್ಯಾರಿ ಗೆಲ್ಲರ್ ಎಂಬ ಕ್ಷೌರಿಕ ಸಿಕ್ಕಿದ. ಕೂದಲು ಕತ್ತರಿಸುತ್ತ ಕತ್ತರಿಸುತ್ತ ಅಧ್ಯಾತ್ಮದ ಮಾತು ತೆಗೆದ ಅವನು ಕೊಟ್ಟ ಪುಸ್ತಕಗಳನ್ನು ಎಲ್ವಿಸ್ ಹಸಿದವನಂತೆ ಓದಿದ. ಅವುಗಳಲ್ಲಿ ಒಂದು ಪರಮಹಂಸ ಯೋಗಾನಂದರ ಆತ್ಮಕಥೆ. ಕನ್ನಡದಲ್ಲೂ ಇದೆ, ನಿಮ್ಮಲ್ಲಿ ಕೆಲವರ ಮನೆಯ ಕಪಾಟಿನಲ್ಲಿ ನಾನೇ ನೋಡಿದ್ದೇನೆ. 1935ರಲ್ಲಿ ಅವರು ಮೈಸೂರಿಗೆ ಬಂದು ಹೋದ ವಿವರವೂ ಅದರಲ್ಲಿದೆ. ಎಲ್ವಿಸ್ ಲಾಸ್ ಏಂಜಲೀಸ್‌ನಲ್ಲಿ ಯೋಗಾನಂದರು ಸ್ಥಾಪಿಸಿದ ಆಶ್ರಮಕ್ಕೆ ಹೋಗಿ, ಅದರ ಮುಖ್ಯಸ್ಥೆ ಶ್ರೀ ದಯಾ ಮಾತಾ ಅವರೆದುರು ಕುಳಿತು ಮಾತನಾಡುತ್ತಿದ್ದ. ತಾನು ಏಕೆ ಎಲ್ವಿಸ್ ಆದೆ ಎಂಬುದು ಅವನನ್ನು ಕಾಡುತ್ತಿದ್ದ ಪ್ರಶ್ನೆ. ಅದೇ ದಿನಗಳಲ್ಲಿ ಅವನಿಗೆ ಬಂದ ಚಿತ್ರ 'ಈಸಿ ಕಮ್, ಈಸಿ ಗೋ'. 1967ರಲ್ಲಿ ಬಿಡುಗಡೆಯಾದ ಈ ಚಿತ್ರದಲ್ಲಿ ಯೋಗಾಸನ ಮಾಡುವವರನ್ನು ಗೇಲಿ ಮಾಡುವ ಒಂದು ಹಾಡಿದೆ. ಕೈಕಾಲು ಗಂಟು ಹಾಕಿಕೊಂಡು ಅದನ್ನು ಹಾಡಿದವನು ಎಲ್ವಿಸ್ಸೇ. ತಾನು ಮನಸ್ಸಿನಲ್ಲಿ ಪೂಜಿಸುತ್ತಿದ್ದುದನ್ನೇ ಅಣಕಿಸುವ ಹಾಡು, ಅದೂ ಕರಾರಿನ ಪ್ರಕಾರ! ಹಾಡುವುದಿಲ್ಲ ಎಂದು ಅವನು ಹೇಳಬಹುದಿತ್ತು. ಹೇಳಲಿಲ್ಲ.

ಧ್ವನಿ ಕೆಟ್ಟಿರಲಿಲ್ಲ ಎಂಬುದಕ್ಕೂ ಅದೇ ಕಾಲದಲ್ಲಿ ಸಾಕ್ಷಿ ಇದೆ. 1966ರಲ್ಲಿ ಧ್ವನಿಮುದ್ರಿಸಿದ ಅವನ ಭಕ್ತಿಗೀತೆಗಳ ಸಂಗ್ರಹಕ್ಕೆ ಗ್ರ್ಯಾಮಿ ಪ್ರಶಸ್ತಿ ಬಂತು. ಅಂದರೆ ಗಾಯಕ ಇದ್ದ, ಅವನಿಗೆ ಹಾಡಲು ಏನನ್ನಾದರೂ ಕೊಡುವವರಿರಲಿಲ್ಲ. ತಾನೇ ಹೋಗಿ ಹುಡುಕಿಕೊಳ್ಳುವ ಅಭ್ಯಾಸವನ್ನು ಅವನು ಬಿಟ್ಟಿದ್ದ. ಈ ನಡುವೆ 1964ರಲ್ಲಿ ಬೀಟಲ್ಸ್ ಹುಡುಗರು ಅಮೆರಿಕಕ್ಕೆ ಬಂದಿಳಿದರು. ಲೋಕ ಅವರ ಹಿಂದೆ ಹೋಯಿತು. 1965ರಲ್ಲಿ ಅವರು ಇವನ ಮನೆಗೇ ಬಂದು ನಮಸ್ಕಾರ ಹೇಳಿ ಹೋದರು, ಊರಿಗೆ ಹೊಸದಾಗಿ ಬಂದವರು ಹಳೆಯ ಶಾನುಭೋಗರನ್ನು ನೋಡಿ ಹೋಗುವ ಹಾಗೆ.

ಈಗ ನನ್ನ ತಪ್ಪೊಪ್ಪಿಗೆ.

1998ರಲ್ಲಿ ನಾನು ಕೆಲಸಕ್ಕೆ ಸೇರಿ ಹದಿನಾರು ವರ್ಷವಾಗಿತ್ತು. ಬೆಳಿಗ್ಗೆ ಆರಕ್ಕೆ ಒಂದು ಟ್ಯೂಷನ್, ಸಂಜೆ ಎರಡು. ಮಧ್ಯೆ ಶಾಲೆ. ರಾತ್ರಿ ಒಬ್ಬ ಪ್ರಕಾಶಕರಿಗೆ ಹತ್ತನೆಯ ತರಗತಿಯ ಗೈಡು ಬರೆದುಕೊಡುತ್ತಿದ್ದೆ. ಮನೆ ಸಾಲ ಇತ್ತು, ತಂಗಿಯ ಮದುವೆಯ ಸಾಲವೂ ಇತ್ತು (ಇದನ್ನು ಓದಿ ಅವಳು ಬೇಸರಿಸಬಾರದು). ನನ್ನ ಮೇಲೆ ಯಾವ ದೂರೂ ಇರಲಿಲ್ಲ. ಫಲಿತಾಂಶ ಚೆನ್ನಾಗಿತ್ತು, ಮೇಲಧಿಕಾರಿಗಳು ಬಂದಾಗ ನನ್ನ ತರಗತಿಗೇ ಕರೆತರುತ್ತಿದ್ದರು. ಅಂಚು ಸವೆದು ಹಳದಿಯಾದ ನನ್ನ ಟಿಪ್ಪಣಿ ಪುಸ್ತಕವನ್ನು ಮೇಜಿನ ಮೇಲೆ ತೆರೆದಿಟ್ಟುಕೊಂಡರೆ ನಲವತ್ತು ನಿಮಿಷ ತಾನಾಗಿಯೇ ಉರುಳುತ್ತಿತ್ತು.

ಒಂದು ದಿನ ಮಧ್ಯಾಹ್ನ ಪಾಣಿಪತ್ ಕದನಗಳ ಪಾಠ. 1526, 1556, 1761 ಎಂದು ಬರೆದು, ನನ್ನ ಎಂದಿನ ಚಟಾಕಿ ಹಾರಿಸಿದೆ: "ಮೂರು ಸಲ ಕಟ್ಟಿದರೂ ಮುಗಿಯದ ಪೇಪರು ಅಂದ್ರೆ ಇದೇ ನೋಡ್ರಪ್ಪಾ." ಎರಡನೆಯ ಬೆಂಚಿನಲ್ಲಿ ಇಬ್ಬರು ಹುಡುಗಿಯರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು, ಆದರೆ ನಾನು ಹೇಳಿ ಮುಗಿಸುವುದಕ್ಕೂ ಒಂದು ಕ್ಷಣ ಮುಂಚೆ! ಹೋಗಿ ನೋಡಿದೆ. ಡೆಸ್ಕಿನ ಮೇಲೆ ಒಂದು ಹಳೆಯ ನೋಟ್ ಪುಸ್ತಕ. ಅವರಲ್ಲೊಬ್ಬಳ ಅಕ್ಕ ನಾಲ್ಕು ವರ್ಷಗಳ ಹಿಂದೆ ನನ್ನದೇ ತರಗತಿಯಲ್ಲಿ ಬರೆದುಕೊಂಡದ್ದು. ನಾನು ಅಂದು ಹೇಳಿದ ಒಂದೊಂದು ವಾಕ್ಯವೂ ಅದರಲ್ಲಿತ್ತು, ಅದೇ ಅನುಕ್ರಮದಲ್ಲಿ. ಚಟಾಕಿಯೂ ಇತ್ತು. ಅದರ ಪಕ್ಕದ ಅಂಚಿನಲ್ಲಿ ಪೆನ್ಸಿಲಿನಲ್ಲಿ ದುಂಡಗೆ ಬರೆದಿತ್ತು: 'ಇಲ್ಲಿ ಸಾರ್ ನಗುತ್ತಾರೆ.'

ಬೈಯಲು ಬಾಯಿ ಬರಲಿಲ್ಲ. "ಅಕ್ಕನ ಅಕ್ಷರ ಚೆನ್ನಾಗಿದೆಯಮ್ಮ" ಎಂದಷ್ಟೇ ಹೇಳಿ ಪುಸ್ತಕ ಹಿಂದಿರುಗಿಸಿದೆ. ಹುಡುಗಿ ಅಳುಮುಖ ಮಾಡಿಕೊಂಡಿದ್ದಳು. ಆ ರಾತ್ರಿ ಗೈಡು ಬರೆಯಲು ಕುಳಿತವನಿಗೆ ಹಾಸ್ಟೆಲ್ ಗೆಳೆಯನ ಮಾತು ನೆನಪಾಯಿತು. ಪಾಠ ಮಾಡುತ್ತಿರುವುದು ನಾನಲ್ಲ, ನನ್ನ ಸಂಬಳ.

ಎಲ್ವಿಸ್‌ಗೆ ಅಂಥ ನೋಟ್ ಪುಸ್ತಕ ತೋರಿಸಿದವನು ಸ್ಟೀವ್ ಬೈಂಡರ್ ಎಂಬ ಯುವ ಟಿ.ವಿ. ನಿರ್ದೇಶಕ.

1968ರಲ್ಲಿ ಪಾರ್ಕರ್ ಎನ್.ಬಿ.ಸಿ. ದೂರದರ್ಶನದೊಂದಿಗೆ ಒಂದು ಗಂಟೆಯ ಕಾರ್ಯಕ್ರಮಕ್ಕೆ ಒಪ್ಪಂದ ಮಾಡಿಕೊಂಡ. ಪ್ರಾಯೋಜಕರು ಯಾರು ಗೊತ್ತೇ? ಸಿಂಗರ್ ಹೊಲಿಗೆ ಯಂತ್ರದ ಕಂಪನಿ! ನಮ್ಮಮ್ಮ ನಡುಮನೆಯ ಕಿಟಕಿಯ ಪಕ್ಕ ಇಟ್ಟುಕೊಂಡಿದ್ದ, ನಾವೆಲ್ಲ ಅದರ ಕಾಲುಮಣೆ ತುಳಿದು ಬೈಸಿಕೊಂಡಿದ್ದ ಅದೇ ಸಿಂಗರ್. ಪಾರ್ಕರ್‌ನ ಯೋಜನೆ ಸರಳ: ಎಲ್ವಿಸ್ ಬರಬೇಕು, ಕ್ರಿಸ್‌ಮಸ್ ಹಾಡುಗಳನ್ನು ಹಾಡಬೇಕು, ಶುಭಾಶಯ ಹೇಳಿ ಹೋಗಬೇಕು. ಮೂವತ್ತೈದರ ಬೈಂಡರ್‌ಗೆ ಅದು ಬೇಕಿರಲಿಲ್ಲ. ತನ್ನ ವೃತ್ತಿಜೀವನದ ಬಗ್ಗೆ ಏನನ್ನಿಸುತ್ತದೆಂದು ಎಲ್ವಿಸ್ ಕೇಳಿದಾಗ, ಅದು ಕಕ್ಕಸಿನ ಗುಂಡಿಯಲ್ಲಿದೆ ಎಂಬರ್ಥದ ಒರಟು ಉತ್ತರ ಕೊಟ್ಟೆನೆಂದು ಬೈಂಡರ್ ಮುಂದೆ ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾನೆ. ಎಲ್ವಿಸ್ ಸಿಟ್ಟಾಗಲಿಲ್ಲವಂತೆ, ನಕ್ಕನಂತೆ. ಸುತ್ತ ಹೌದಪ್ಪಗಳೇ ತುಂಬಿದ್ದವನಿಗೆ ಆ ಮಾತು ಹಾಯೆನಿಸಿರಬೇಕು. ಇನ್ನೊಂದು ದಿನ ಬೈಂಡರ್ ಅವನನ್ನು ಲಾಸ್ ಏಂಜಲೀಸ್‌ನ ಜನನಿಬಿಡ ಸನ್‌ಸೆಟ್ ಬೀದಿಗೆ ಕರೆತಂದು ನಿಲ್ಲಿಸಿದ. ಜನ ಮುತ್ತಿಕೊಂಡಾರೆಂದು ಎಲ್ವಿಸ್‌ಗೆ ಭಯ. ಬೈಂಡರ್ ಹೇಳುವಂತೆ, ಹೋಗುವ ಬರುವ ಯುವಕ ಯುವತಿಯರಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಆ ಬೀದಿಯ ದೃಶ್ಯವನ್ನು ನಾನು ಮತ್ತೆ ಮತ್ತೆ ಕಲ್ಪಿಸಿಕೊಂಡಿದ್ದೇನೆ.

ಕಾರ್ಯಕ್ರಮದ ಅತ್ಯುತ್ತಮ ಭಾಗ ಯಾರ ಯೋಜನೆಯಲ್ಲೂ ಇರಲಿಲ್ಲ. ದಿನವಿಡೀ ತಾಲೀಮು ನಡೆಸಿ ಸುಸ್ತಾದ ಎಲ್ವಿಸ್ ರಾತ್ರಿ ವೇಷಭೂಷಣದ ಕೋಣೆಯಲ್ಲಿ ಗೆಳೆಯರೊಡನೆ ಕುಳಿತು ಗಿಟಾರು ಬಾರಿಸುತ್ತ, ಹಳೆಯ ಹಾಡುಗಳನ್ನು ಅರ್ಧಂಬರ್ಧ ಹಾಡುತ್ತ, ನಗುತ್ತ ಕಾಲ ಕಳೆಯುತ್ತಿದ್ದ. ಬೈಂಡರ್ ಬಾಗಿಲಲ್ಲಿ ನಿಂತು ನೋಡಿದ. ತಿಂಗಳುಗಟ್ಟಲೆ ಹುಡುಕುತ್ತಿದ್ದುದು ಅಲ್ಲಿತ್ತು! ಆ ಕೋಣೆಯೊಳಗೇ ಚಿತ್ರೀಕರಿಸುತ್ತೇನೆಂದರೆ ಪಾರ್ಕರ್ ಒಪ್ಪಲಿಲ್ಲ. ಕೊನೆಗೆ ಆ ಕೋಣೆಯ ಬೈಠಕ್ಕನ್ನೇ ವೇದಿಕೆಗೆ ತರುವುದೆಂದಾಯಿತು. 1954ರಿಂದ ಅವನ ಜೊತೆಗಿದ್ದ ಗಿಟಾರ್ ವಾದಕ ಸ್ಕಾಟಿ ಮೂರ್, ಡ್ರಮ್ ಬಾರಿಸುವ ಡಿ.ಜೆ. ಫಾಂಟಾನಾ ಇಬ್ಬರನ್ನೂ ಕರೆಸಿದರು. ಮೊದಲ ಮೂವರ ತಂಡದಲ್ಲಿದ್ದ ಬಿಲ್ ಬ್ಲ್ಯಾಕ್ 1965ರಲ್ಲೇ ತೀರಿಹೋಗಿದ್ದ. ಡ್ರಮ್ಮಿಗೆ ಜಾಗವಿಲ್ಲದ್ದರಿಂದ ಫಾಂಟಾನಾ ಗಿಟಾರಿನ ಪೆಟ್ಟಿಗೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಬಾರಿಸಿದ. ಹಬ್ಬದ ದಿನ ನಮ್ಮ ದೊಡ್ಡಪ್ಪ ಕೊಡಪಾನ ಮಗುಚಿ ತಾಳ ಹಾಕುತ್ತಿದ್ದರಲ್ಲ, ಹಾಗೆ.

1968ರ ಜೂನ್ 27, ಬರ್ಬ್ಯಾಂಕ್‌ನ ಎನ್.ಬಿ.ಸಿ. ಸ್ಟುಡಿಯೋ. 1961ರ ಮಾರ್ಚಿನಲ್ಲಿ ಹವಾಯಿಯಲ್ಲಿ, ಪರ್ಲ್ ಹಾರ್ಬರಿನಲ್ಲಿ ಮುಳುಗಿದ ಅರಿಜೋನಾ ಯುದ್ಧನೌಕೆಯ ಸ್ಮಾರಕಕ್ಕಾಗಿ ಹಾಡಿದ ನಂತರ ಅವನು ಜನರೆದುರು ಹಾಡಿ ಏಳು ವರ್ಷ ಕಳೆದಿತ್ತು. ಪ್ರವೇಶಪತ್ರಗಳನ್ನು ಹಂಚುವ ಹೊಣೆ ತನ್ನದೆಂದು ಪಾರ್ಕರ್ ತೆಗೆದುಕೊಂಡಿದ್ದ. ಹೊತ್ತಾದರೂ ಜನ ಸಾಕಷ್ಟು ಬರಲಿಲ್ಲ. ತಂಡದವರು ಹತ್ತಿರದ ಹೋಟೆಲಿಗೆ ಓಡಿ ಊಟ ಮಾಡುತ್ತಿದ್ದವರನ್ನು ಕರೆತರಬೇಕಾಯಿತೆಂದು ಬೈಂಡರ್ ಹೇಳಿದ್ದಾನೆ. ಅತ್ತ ಒಳಗೆ ಎಲ್ವಿಸ್ ತನ್ನಿಂದ ಆಗುವುದಿಲ್ಲ ಎಂದು ಕುಳಿತುಬಿಟ್ಟಿದ್ದ. ಹಾಡುಗಳೆಲ್ಲ ಮರೆತುಹೋದಂತಾಗಿತ್ತು. ಹಾಗಾದರೆ ಹೋಗಿ ಎಲ್ಲರಿಗೂ ನಮಸ್ಕಾರ ಹೇಳಿ ಎದ್ದುಬಾ, ಅಷ್ಟು ಸಾಕು ಎಂದನಂತೆ ಬೈಂಡರ್. ಅವನು ಎದ್ದುಹೋದ. ನಾನು ಟಿ.ವಿ.ಯಲ್ಲಿ ಕಂಡ ನಡುಗುವ ಕೈ ಆ ಕ್ಷಣದ್ದು.

ಮುಂದಿನದನ್ನು ಮಾತಿನಲ್ಲಿ ಹೇಳುವುದು ಕಷ್ಟ. ಮೊದಲ ಹಾಡಿನಲ್ಲಿ ಧ್ವನಿ ಇನ್ನೂ ದಾರಿ ಹುಡುಕುತ್ತಿರುತ್ತದೆ. ತನ್ನ ಹಳೆಯ ತುಟಿಯೋರೆಯ ನಗೆಯನ್ನು ತಾನೇ ಅಣಕಿಸಿಕೊಳ್ಳುತ್ತಾನೆ. ಸ್ಕಾಟಿಯ ಎಲೆಕ್ಟ್ರಿಕ್ ಗಿಟಾರನ್ನು ತಾನು ತೆಗೆದುಕೊಳ್ಳುತ್ತಾನೆ. ಒಂದೆರಡು ಹಾಡು ಕಳೆಯುವಷ್ಟರಲ್ಲಿ ಏನೋ ಒಂದು ಹರಿಯತೊಡಗುತ್ತದೆ. ಕುರ್ಚಿಯಲ್ಲಿ ಕೂರಲಾರದೆ ಗಿಟಾರಿನ ಪಟ್ಟಿಯೂ ಇಲ್ಲದೆ ಎದ್ದು ನಿಂತು ಹಾಡುತ್ತಾನೆ. ಬೆವರು ಸುರಿಯುತ್ತದೆ, ಕೂದಲು ಹಣೆಗೆ ಬೀಳುತ್ತದೆ, ಧ್ವನಿ ಒಡೆದು ಗೊರಗೊರ ಎನ್ನುತ್ತದೆ. ಸಿನಿಮಾದ ಹಾಡುಗಳಲ್ಲಿ ಒಂದೇ ಒಂದು ಸಲವೂ ಬರದಿದ್ದ ಒರಟು ಅದು. ನನ್ನ ಗೆಳೆಯನ ಕ್ಯಾಸೆಟ್ಟಿನ ಮೊದಲ ಬದಿಯ ಹುಡುಗನೇ, ಆದರೆ ಈಗ ಅವನಿಗೆ ಕಳೆದುಕೊಳ್ಳುವುದೆಂದರೇನೆಂದು ಗೊತ್ತಿದೆ. ನನ್ನ ಮಟ್ಟಿಗೆ ಹೇಳುವುದಾದರೆ, 1956ರ ಎಲ್ವಿಸ್‌ಗಿಂತ ಇವನೇ ದೊಡ್ಡ ಗಾಯಕ.

ಕೊನೆಯ ಹಾಡಿನದು ಬೇರೆಯೇ ಕತೆ. ಆ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾಗಿದ್ದು ಎಲ್ವಿಸ್‌ನ ಊರಾದ ಮೆಂಫಿಸ್‌ನಲ್ಲೇ. ಜೂನ್ ಮೊದಲ ವಾರ ಲಾಸ್ ಏಂಜಲೀಸ್‌ನಲ್ಲಿ ರಾಬರ್ಟ್ ಕೆನಡಿ ಗುಂಡೇಟಿಗೆ ಬಲಿಯಾದರು. ಕಾರ್ಯಕ್ರಮದ ತಾಲೀಮು ಆ ದಿನಗಳಲ್ಲೇ ನಡೆಯುತ್ತಿತ್ತು. ಎಲ್ವಿಸ್ ಅದರ ಬಗ್ಗೆಯೇ ಮಾತನಾಡುತ್ತಿದ್ದುದನ್ನು ಕೇಳಿಸಿಕೊಂಡ ಬೈಂಡರ್, ಕ್ರಿಸ್‌ಮಸ್ ಹಾಡಿನಿಂದ ಮುಗಿಸುವುದರ ಬದಲು ಈ ಮನುಷ್ಯನ ಮನಸ್ಸಿನಲ್ಲಿರುವುದನ್ನು ಹೇಳುವ ಹಾಡೊಂದು ಬೇಕೆಂದು ತಂಡದಲ್ಲಿದ್ದ ಅರ್ಲ್ ಬ್ರೌನ್‌ಗೆ ಹೇಳಿದ. ಬ್ರೌನ್ ಒಂದೇ ರಾತ್ರಿಯಲ್ಲಿ 'ಇಫ್ ಐ ಕ್ಯಾನ್ ಡ್ರೀಮ್' ಬರೆದು ತಂದ. ಪಾರ್ಕರ್‌ಗೆ ಅದು ಬೇಡವಾಗಿತ್ತು. ಎಲ್ವಿಸ್ ಪಿಯಾನೋ ಪಕ್ಕ ಕುಳಿತು ಆ ಹಾಡನ್ನು ಮತ್ತೆ ಮತ್ತೆ ಕೇಳಿದ, ಆಮೇಲೆ ಹಾಡುತ್ತೇನೆ ಎಂದ. ಯೋಗದ ಗೇಲಿಯನ್ನು ತೆಪ್ಪಗೆ ಹಾಡಿ ಬಂದವನು ಈ ಸಲ ತನಗೇನು ಬೇಕೆಂದು ಹೇಳಿದ. ಕ್ರಿಸ್‌ಮಸ್ ಹಾಡು ಪೂರ್ತಿ ಬಿಟ್ಟುಹೋಗಲಿಲ್ಲ ಅನ್ನಿ. ಮಧ್ಯದಲ್ಲಿ ಒಂದನ್ನು ಸೇರಿಸಿ ಕರ್ನಲ್ಲನ ಮರ್ಯಾದೆ ಉಳಿಸಿದರು.

1968ರ ಡಿಸೆಂಬರ್ 3ರಂದು ಪ್ರಸಾರವಾದಾಗ ಅದು ಆ ವಾರ ಅಮೆರಿಕದಲ್ಲಿ ಅತಿ ಹೆಚ್ಚು ಜನ ನೋಡಿದ ಕಾರ್ಯಕ್ರಮ. ನಮ್ಮಲ್ಲಿ ಯಾರು ನೋಡಿದ್ದಾರು? ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. 1969ರ ಆರಂಭದಲ್ಲಿ ಅವನು ಮೆಂಫಿಸ್‌ನಲ್ಲೇ ಚಿಪ್ಸ್ ಮೋಮನ್ ಎಂಬುವನ ಸ್ಟುಡಿಯೋಗೆ ಹೋಗಿ ಹೊಸ ಹಾಡುಗಳನ್ನು ಹಾಡಿದ. 'ಸಸ್ಪಿಶಿಯಸ್ ಮೈಂಡ್ಸ್' ಹಾಡಿಗೆ ಪ್ರಕಾಶನದ ಪಾಲು ಕೇಳಲು ಬಂದವರನ್ನು ಮೋಮನ್ ಒಪ್ಪಲಿಲ್ಲ, ಹಾಡು ಉಳಿಯಿತು. 1962ರ ನಂತರ ಅಮೆರಿಕದಲ್ಲಿ ಅವನಿಗೆ ಮೊದಲ ಸ್ಥಾನ ತಂದುಕೊಟ್ಟ ಹಾಡು ಅದು. ಅದೇ ಕೊನೆಯದೂ ಹೌದು. ಜುಲೈ 31ರಂದು ಲಾಸ್ ವೇಗಸ್‌ನ ಇಂಟರ್‌ನ್ಯಾಷನಲ್ ಹೋಟೆಲಿನ ಎರಡು ಸಾವಿರ ಆಸನಗಳ ಸಭಾಂಗಣದಲ್ಲಿ ಅವನ ಪ್ರದರ್ಶನಗಳು ಆರಂಭವಾದವು. ನಾಲ್ಕು ವಾರಗಳಲ್ಲಿ 57.

ಆಮೇಲಿನದು ನಿಮಗೂ ಗೊತ್ತಿರುವ ಕತೆ. ವರ್ಷಕ್ಕೆರಡು ಸಲ ಅದೇ ವೇಗಸ್, ಅದೇ ಪಟ್ಟಿ, ದಿನಕ್ಕೆರಡು ಆಟ. ಹೊರದೇಶಗಳಲ್ಲಿ ಹಾಡುವ ಆಸೆಯಿತ್ತು; ಸ್ವಂತ ಕಾಗದಪತ್ರವೇ ನೆಟ್ಟಗಿಲ್ಲದ ಪಾರ್ಕರ್ ಅದಕ್ಕೆ ಆಸ್ಪದ ಕೊಡಲಿಲ್ಲ. ಮಾತ್ರೆಗಳು ಹೆಚ್ಚಿದವು, ಮೈ ಕೆಟ್ಟಿತು. 1977ರ ಆಗಸ್ಟ್ 16ರಂದು 42ನೆಯ ವಯಸ್ಸಿಗೆ ಹೋಗಿಬಿಟ್ಟ. ಹಳೆಯ ಗಾಣದಿಂದ ಬಿಡಿಸಿಕೊಂಡವನು ಹೊಸ ಗಾಣಕ್ಕೆ ಕೊರಳು ಕೊಟ್ಟ ಎಂದು ನನ್ನ ಗೆಳೆಯ ಮೊನ್ನೆ ಫೋನಿನಲ್ಲಿ ಹೇಳಿದ. (ಅವನೂ ನಿವೃತ್ತನಾಗಿ ಈಗ ಬಂಗಾರಪೇಟೆಯಲ್ಲಿದ್ದಾನೆ. ಕ್ಯಾಸೆಟ್ಟು ಇಲಿಪಾಲಾಗಿ ಕಾಲವಾಯಿತಂತೆ.) ನಾನು ಒಪ್ಪಲಿಲ್ಲ, ಅರ್ಧ ಗಂಟೆ ಜಗಳವಾಡಿದೆವು. ಜೂನ್ 27ರ ಆ ಒಂದು ಗಂಟೆಯನ್ನು 1977 ಅಳಿಸಲಾರದು ಎಂಬುದು ನನ್ನ ವಾದ. ಆ ಒಂದು ಗಂಟೆಯನ್ನು ಕಂಡವನಿಗೆ 1977 ಇನ್ನೂ ಹೆಚ್ಚು ಸಂಕಟ ಕೊಡುತ್ತದೆ ಎಂಬುದು ಅವನದು.

ನನ್ನ ಕತೆ ಇಷ್ಟು ದೊಡ್ಡದಲ್ಲ. ಆ ನೋಟ್ ಪುಸ್ತಕ ಕಂಡ ಎರಡು ವಾರಗಳ ನಂತರ ಹಳದಿ ಟಿಪ್ಪಣಿಯನ್ನು ಮನೆಯಲ್ಲೇ ಬಿಟ್ಟು ಅದೇ ತರಗತಿಗೆ ಹೋದೆ. ಪಾಠ 1947ರ ಮೈಸೂರು ಚಲೋ ಚಳವಳಿ. ಬರಿಗೈಯಲ್ಲಿ ನಿಂತಾಗ ಸೀಮೆಸುಣ್ಣ ಹಿಡಿದ ಕೈ ನಡುಗಿದ್ದು ನಿಜ. ಎಷ್ಟು ಹೇಳಿದರೂ ಇಪ್ಪತ್ತು ನಿಮಿಷಕ್ಕೆ ನನ್ನ ಸರಕು ಮುಗಿಯಿತು! ಹದಿನಾರು ವರ್ಷ ಪಾಠ ಮಾಡಿದ ವಿಷಯದಲ್ಲಿ ನನಗೆ ನಿಜವಾಗಿ ಗೊತ್ತಿದ್ದುದು ಅಷ್ಟೇ. ಸುಮ್ಮನೆ ನಿಂತೆ. ತರಗತಿಯೂ ಸುಮ್ಮನಿತ್ತು. ಆಗ ಕೊನೆಯ ಬೆಂಚಿನಿಂದ, ಅದುವರೆಗೆ ಒಮ್ಮೆಯೂ ಬಾಯಿ ಬಿಡದಿದ್ದ ಹುಡುಗನೊಬ್ಬ ಎದ್ದುನಿಂತು, "ಸಾರ್, ನಮ್ ತಾತ ಇದ್ರಲ್ಲಿ ಜೈಲಿಗ್ ಹೋಗಿದ್ರಂತೆ" ಎಂದ. ಆ ತಾತ ಶಾಲೆಯಿಂದ ಎರಡು ಬೀದಿಯಾಚೆ ಇದ್ದರು. ದಿನಾ ಅವರ ಜಗುಲಿಯ ಮುಂದೆಯೇ ಸೈಕಲ್ ತುಳಿದುಕೊಂಡು ಹೋಗುತ್ತಿದ್ದೆ. ಆ ಶನಿವಾರ ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಹೋದೆವು. ಅವರು ಹೇಳಿದ್ದನ್ನು ಇನ್ನೊಮ್ಮೆ ಬರೆಯುತ್ತೇನೆ, ಅದೇ ಒಂದು ದೊಡ್ಡ ಬರಹವಾದೀತು.

ಗೈಡು ಬರೆಯುವುದನ್ನು ಬಿಟ್ಟೆ. ಟ್ಯೂಷನ್ ಬಿಡಲಾಗಲಿಲ್ಲ, ಸಾಲ ತೀರುವವರೆಗೆ ಇನ್ನೂ ಆರು ವರ್ಷ ನಡೆಯಿತು. ಒಮ್ಮೊಮ್ಮೆ ಸುಸ್ತಾದ ದಿನ ಆ ಹಳದಿ ಪುಸ್ತಕವನ್ನೇ ತೆಗೆದುಕೊಂಡು ಹೋದದ್ದೂ ಉಂಟು. ಆ ದಿನಗಳಲ್ಲಿ ಕುಳಿತು ಕೇಳಿದವರು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.

ವರ್ಷದ ಕೊನೆಗೆ ನೋಟ್ಸ್ ತಿದ್ದಲು ತಂದಾಗ ಆ ಎರಡನೆಯ ಬೆಂಚಿನ ಹುಡುಗಿಯ ಪುಸ್ತಕವೂ ಬಂತು. ಮೈಸೂರು ಚಲೋ ಪಾಠದಲ್ಲಿ ಒಂದು ಪುಟದ ಅರ್ಧಕ್ಕೆ ಬರಹ ನಿಂತಿತ್ತು. ಅಂಚಿನಲ್ಲಿ ಅಕ್ಕನಷ್ಟು ದುಂಡಗಲ್ಲದ ಅಕ್ಷರಗಳಲ್ಲಿ ಹೀಗಿತ್ತು: 'ಇಲ್ಲಿ ಸಾರ್ ಸ್ವಲ್ಪ ಹೊತ್ತು ಮಾತಾಡಲಿಲ್ಲ.' ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ಕೊಟ್ಟೆ. ಅವಳೂ ಈಗ ಮೇಡಂ ಆಗಿದ್ದಾಳೆ, ಈ ಪುಟವನ್ನು ಓದುತ್ತಾಳೆ. ಆ ಪುಸ್ತಕ ಇನ್ನೂ ಇದೆಯೇನಮ್ಮಾ?